ಕಿಲೋ ಲೆಕ್ಕಕ್ಕೆ ಸಿಗದ ಸುರುಳಿ

ಬಸವಕಲ್ಯಾಣದಲ್ಲಾಗಲಿ ಹುಮನಾಬಾದಿನಲ್ಲಾಗಲಿ ಮನೆಗೆ ಗೇಟು ಮಾಡಿಸಲು ಹೋಗಿ ನೋಡಿ. ವೆಲ್ಡಿಂಗ್ ಅಂಗಡಿಯವರು ಅಳತೆ ಬರೆದುಕೊಂಡು ಮುಗಿಸುವಷ್ಟರಲ್ಲೇ ಕೇಳಿಬಿಡುತ್ತಾರೆ: ‘ಎಷ್ಟು ಕಿಲೋದ್ದು ಮಾಡ್ಬೇಕ್ರಿ?’ ಬೆಲ್ಲ ತೂಗಿದ ಹಾಗೆ ಬಾಗಿಲನ್ನೂ ತೂಗುವ ಕಾಲ ಇದು.

ಈ ಲೆಕ್ಕದ ಒಳಗುಟ್ಟು ತಿಳಿಯಬೇಕಾದರೆ 12 ಮಿ.ಮೀ. ಚೌಕ ಸಳಿಯನ್ನು ಮೂರು ಅಡಿಗೆ ಕತ್ತರಿಸಿ ತಕ್ಕಡಿಗೆ ಹಾಕಿ. ಒಂದು ಕಿಲೋ, ಮೇಲೊಂದು 30 ಗ್ರಾಂ ತೂಗುತ್ತದೆ. ಅದನ್ನು ನೆಟ್ಟಗೆ ನಿಲ್ಲಿಸಿ ವೆಲ್ಡಿಂಗ್ ಹೊಡೆಯಲು ಎರಡು ನಿಮಿಷ ಸಾಕು. ಅದೇ ಸಳಿಯನ್ನು ಬೆಂಕಿಗಿಟ್ಟು, ತುದಿ ಬಡಿದು, ಎರಡೂ ಕಡೆ ಸುರುಳಿ ಸುತ್ತಿದರೆ ಅರ್ಧ ತಾಸು ಹಿಡಿಯುತ್ತದೆ. ತೂಕ ಮಾತ್ರ ಅಷ್ಟೇ, ದುಡ್ಡೂ ಅಷ್ಟೇ. ಹೀಗಿರುವಾಗ ಸುರುಳಿ ಯಾರು ಸುತ್ತುತ್ತಾರೆ?

ಒಂದು ಕಾಲಕ್ಕೆ ಈ ಸೀಮೆಯಲ್ಲಿ ಕಬ್ಬಿಣದ ಕೆಲಸವನ್ನು ಕಿಲೋದಲ್ಲಿ ಅಳೆಯುತ್ತಿರಲಿಲ್ಲ. ಇಲ್ಲಿ ಕಮ್ಮಾರನಿಗೆ ಕಂಬಾರ ಎನ್ನುತ್ತಾರೆ, ಅವನ ಕುಲುಮೆ ಇರುವ ಜಾಗ ಕಂಬಾರಸಾಲಿ. ಜ್ಞಾನಪೀಠ ಪುರಸ್ಕೃತ ಚಂದ್ರಶೇಖರ ಕಂಬಾರರ ಹೆಸರಿನಲ್ಲಿರುವುದೂ ಇದೇ ಕಸುಬು. ಊರ ಕಂಬಾರ ಆಯಗಾರರಲ್ಲೊಬ್ಬ. ವರ್ಷವಿಡೀ ಕುಡಗೋಲು ತಟ್ಟಿ, ಕುಂಟಿಯ ಕುಡ ಹದ ಮಾಡಿಕೊಟ್ಟವನು ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳದ ಆಯ ತರುತ್ತಿದ್ದ. ಕೊಟ್ಟದ್ದು ಕಡಿಮೆಯೋ ಹೆಚ್ಚೋ, ಜಗಳ ಇದ್ದೇ ಇತ್ತು. ಆದರೆ ಕೂಲಿ ಸಿಗುತ್ತಿದ್ದದ್ದು ಕೈಗೆ, ಕಬ್ಬಿಣದ ತೂಕಕ್ಕಲ್ಲ. ಊರೂರು ಅಲೆಯುವ ಘಿಸಾಡಿಗಳು ರಸ್ತೆ ಬದಿಯಲ್ಲೇ ಕುಲುಮೆ ಹೂಡುತ್ತಿದ್ದರು. ಗಂಡಸು ಇಕ್ಕಳದಲ್ಲಿ ಹಿಡಿದ ಕೆಂಡದಂಥ ಕಬ್ಬಿಣಕ್ಕೆ ಹೆಂಗಸರು ಸುತ್ತಿಗೆ ಎತ್ತಿ ಹೊಡೆಯುವುದನ್ನು ಕಂಡವರು ಈಗಲೂ ಬಹಳ ಜನ ಇದ್ದಾರೆ.

ಕಂಬಾರನ ವಿದ್ಯೆ ಪರೀಕ್ಷೆಗೆ ಬೀಳುತ್ತಿದ್ದದ್ದು ಬಂಡಿ ಗಾಲಿಗೆ ಹಳಿ ಏರಿಸುವ ದಿನ. ಹಳಿಯ ಬಳೆಯನ್ನು ಗಾಲಿಗಿಂತ ಬೇಕೆಂದೇ ತುಸು ಚಿಕ್ಕದು ಮಾಡಿರುತ್ತಿದ್ದರು. ಸುತ್ತಲೂ ಕುಳ್ಳು ಒಟ್ಟಿ ಬೆಂಕಿ ಹಾಕಿದರೆ ಕಬ್ಬಿಣ ಕೆಂಪಗಾಗಿ ಹಿಗ್ಗುತ್ತದೆ. ಐದಡಿ ಎತ್ತರದ ಗಾಲಿಯಾದರೆ ಸುತ್ತಳತೆಯಲ್ಲಿ ಸುಮಾರು ಮೂರೂವರೆ ಸೆಂಟಿಮೀಟರ್ ಹೆಚ್ಚುತ್ತದೆ. ಆ ಮೂರೂವರೆ ಸೆಂಟಿಮೀಟರಿನಲ್ಲೇ ಎಲ್ಲ ಇರುವುದು. ನಾಲ್ಕು ಜನ ಇಕ್ಕಳ ಹಿಡಿದು ಬಳೆ ಎತ್ತಿ ಗಾಲಿಯ ಮೇಲೆ ಕೂರಿಸಿ, ಹೊಗೆಯಾಡುತ್ತಿರುವಾಗಲೇ ಕೊಡಗಟ್ಟಲೆ ನೀರು ಸುರಿಯುತ್ತಾರೆ. ಹಳಿ ಕುಗ್ಗಿ ಕಟ್ಟಿಗೆಯನ್ನು ಅಪ್ಪಿಕೊಳ್ಳುವಾಗ ಗಾಲಿಯ ಕೀಲುಕೀಲೂ ಕಿರುಗುಟ್ಟುತ್ತದೆ. ಮೊಳೆಯ ಹಂಗಿಲ್ಲದೆ ವರ್ಷಗಟ್ಟಲೆ ನಿಲ್ಲುವ ಕಟ್ಟು ಅದು.

ಕೈಯಿಂದ ಮಾಡಿದ ಅಲಂಕಾರದ ಗೇಟು ನಿಂತಿರುವುದೂ ಇದೇ ವಿದ್ಯೆಯ ಮೇಲೆ. ಹಳೆಯ ಪದ್ಧತಿಯ ಗೇಟಿನಲ್ಲಿ ವೆಲ್ಡಿಂಗ್ ಇರುವುದಿಲ್ಲ. ಎರಡು ಸುರುಳಿ ಬೆನ್ನಿಗೆ ಬೆನ್ನು ತಾಗುವ ಕಡೆ ಕೆಂಪಗೆ ಕಾಸಿದ ಸಣ್ಣ ಪಟ್ಟಿಯೊಂದನ್ನು ಉಂಗುರದ ಹಾಗೆ ಸುತ್ತಿ ಬಡಿಯುತ್ತಾರೆ. ಪಟ್ಟಿ ಆರುತ್ತ ಕುಗ್ಗಿ ಎರಡನ್ನೂ ಬಿಗಿಹಿಡಿಯುತ್ತದೆ. ಗಾಲಿಯ ಹಳಿ ಮಾಡಿದ್ದನ್ನೇ ಇಲ್ಲಿ ಬೆರಳಗಲದ ಪಟ್ಟಿ ಮಾಡುತ್ತದೆ.

ಪೇಟೆಯಲ್ಲಿ ಇಂಥ ಗೇಟಿಗೆ ‘ರಾಟ್ ಐರನ್’ ಎಂಬ ಹೆಸರು. ರಾಟ್ ಎಂದರೆ ಬಡಿದು ಮಾಡಿದ್ದು. ನಿಜವಾದ ರಾಟ್ ಐರನ್ ಬೇರೆಯೇ ಕಬ್ಬಿಣ: ಅದರೊಳಗೆ ಕಿಟ್ಟದ ಎಳೆಗಳು ಕಟ್ಟಿಗೆಯ ನಾರಿನಂತೆ ಹರಿದಿರುತ್ತವೆ. ಇಂಗ್ಲೆಂಡಿನಲ್ಲಿ ಹೆನ್ರಿ ಕಾರ್ಟ್ 1784ರಲ್ಲಿ ಅದನ್ನು ರಾಶಿಗಟ್ಟಲೆ ತೆಗೆಯುವ ದಾರಿ ಹುಡುಕಿದ. 1856ರಲ್ಲಿ ಬೆಸೆಮರ್ ಅಗ್ಗದ ಉಕ್ಕು ತಂದ ಮೇಲೆ ಅದಕ್ಕೆ ಇಳಿಗಾಲ ಬಂತು. ಬೋಲ್ಟನ್ನಿನ ಕೊನೆಯ ಕಾರ್ಖಾನೆ 1973ರಲ್ಲಿ ಮುಚ್ಚಿತು. ಈಗ ನಮ್ಮೂರಲ್ಲಿ ಆ ಹೆಸರಿನಲ್ಲಿ ಮಾರುವುದೆಲ್ಲ ಮೈಲ್ಡ್ ಸ್ಟೀಲ್. ಅದೇನೂ ಮೋಸವಲ್ಲ ಬಿಡಿ, ಬಡಿದರೆ ಅದೂ ಬಾಗುತ್ತದೆ. ಎರಕ ಹೊಯ್ದ ಹೂವನ್ನು ತಂದು ಅಂಟಿಸಿ ‘ಕೈಕೆಲಸ’ ಎನ್ನುವುದು ಮೋಸ. ಎರಕವೇನು ಕೀಳಲ್ಲ. ಮೈಸೂರು ಅರಮನೆಯ ಕಲ್ಯಾಣ ಮಂಟಪದ ಕಂಬಗಳೂ ಗ್ಲಾಸ್ಗೋದಿಂದ ಬಂದ ಎರಕವೇ. ಎರಕವನ್ನು ಎರಕ ಎಂದೇ ಮಾರಲಿ.

ಈ ಸುರುಳಿ ಎಲ್ಲಿಂದ ಬಂತು? ಗೇಟಿನ ಎಸ್, ಸಿ ಅಕ್ಷರದಂಥ ಬಳುಕು ಯುರೋಪಿನದು. ಲಂಡನ್ ಬಳಿಯ ಹ್ಯಾಂಪ್ಟನ್ ಕೋರ್ಟ್ ಅರಮನೆಗೆ ಕೆಲಸ ಮಾಡಿದ ಫ್ರೆಂಚ್ ಕಂಬಾರ ಜಾನ್ ಟಿಜೂ 1693ರಲ್ಲೇ ತನ್ನ ನಕ್ಷೆಗಳ ಪುಸ್ತಕ ಅಚ್ಚು ಹಾಕಿಸಿದ್ದ. ಬಂಗಲೆ, ಅರಮನೆಗಳ ಬೇಲಿಯಾಗಿ ಆ ಮಾದರಿ ನಮ್ಮ ದೇಶಕ್ಕೆ ಬಂತು. ಆದರೆ ಕಲ್ಯಾಣದ ಕಣ್ಣಿಗೆ ಸುರುಳಿ ಹೊಸದಲ್ಲ. ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಗೆ ಹೋದವರೆಲ್ಲ ಆರನೆಯ ವಿಕ್ರಮಾದಿತ್ಯನ ಹೊಗಳಿಕೆ ಬರೆಯುತ್ತ ನಿಂತ ಕಲ್ಲಿನ ಹೆಣ್ಣನ್ನು ನೋಡಿ ಬರುತ್ತಾರೆ. ಚಾಲುಕ್ಯರ ಗುಡಿಗಳ ಬಾಗಿಲವಾಡ, ಜಾಲಂಧ್ರಗಳನ್ನೂ ಒಮ್ಮೆ ದಿಟ್ಟಿಸಿದರೆ ಅಲ್ಲಿ ಬಳ್ಳಿ ಸುತ್ತಿ ಸುತ್ತಿ ಒಳಗೆ ಹೋಗುವ ರೀತಿ ಕಾಣುತ್ತದೆ. ಕಂಬಾರ ಅದನ್ನು ನೋಡಿಯೇ ಕಲಿತ ಎನ್ನಲಾರೆ. ಕಲ್ಲಿನಲ್ಲಿ ಅದನ್ನು ಕೆತ್ತಿ ತೆಗೆಯಬೇಕು, ಕಬ್ಬಿಣದಲ್ಲಿ ಸುತ್ತಿ ತರಬೇಕು.

ಸುತ್ತುವುದು ಹೀಗೆ. ಇದ್ದಿಲ ಮೇಲೆ ಸಳಿಯ ತುದಿ ಕಿತ್ತಳೆ ಬಣ್ಣಕ್ಕೆ ಬರಬೇಕು. ಬರೀ ಕೆಂಪಿದ್ದಾಗ ಬಡಿದರೆ ಮೈ ಕೊಡುವುದಿಲ್ಲ, ಬಿಳುಪಾಗಿ ಕಿಡಿ ಹಾರಿದರೆ ಸುಟ್ಟುಹೋಯಿತೆಂದೇ ಲೆಕ್ಕ. ಅಡಿಗಲ್ಲಿನ ಮೇಲೆ ತುದಿಯನ್ನು ಮೀನಿನ ಬಾಲದಂತೆ ಅಗಲಿಸಿ, ಅಂಚಿನಿಂದ ಸ್ವಲ್ಪವೇ ಹೊರಗೆ ಚಾಚಿ ಮೆಲ್ಲಗೆ ತಟ್ಟಿ ಮೊದಲ ಮಡಿಕೆ ಹಾಕುತ್ತಾರೆ. ಸುರುಳಿಯ ಚೆಲುವೆಲ್ಲ ಈ ಮಡಿಕೆಯಲ್ಲಿದೆ. ಇಲ್ಲಿ ಚಪ್ಪಟೆಯಾದರೆ ಮುಂದೆ ಎಷ್ಟು ಸುತ್ತಿದರೂ ಕಣ್ಣು ಅಲ್ಲೇ ಎಡವುತ್ತದೆ. ಮತ್ತೆ ಕಾಸಿ, ಫರ್ಮಾದ ನಡುವಿಗೆ ತುದಿ ಸಿಕ್ಕಿಸಿ ಎಳೆಯುತ್ತ ಬರಬೇಕು. ಒಂದು ಕಡೆ ಶಾಖ ಹೆಚ್ಚಾಗಿ ಅಲ್ಲೇ ಮುರುಟಲು ಹೊರಟರೆ ಆ ಜಾಗಕ್ಕಷ್ಟೇ ಒಂದು ಚಮಚ ನೀರು. ಬೆಂಕಿ ಎಲ್ಲಿ ಬೇಕು ಎಂಬುದಕ್ಕಿಂತ ಎಲ್ಲಿ ಬೇಡ ಎಂಬುದನ್ನು ಕಲಿಯಲೇ ವರ್ಷಗಳು ಬೇಕು.

ಬಂಡಿಗಳು ಕಡಿಮೆಯಾದವು, ಲಾರಿಗಳು ಬಂದವು. ಪುಣೆ–ಹೈದರಾಬಾದ್ ಹೆದ್ದಾರಿಯ ಮೇಲಿರುವ ಊರುಗಳಿವು. ಬಸವಕಲ್ಯಾಣಕ್ಕಂತೂ ಲಾರಿಗಳ ಊರೆಂದೇ ಹೆಸರು. ಬಾಡಿ ಕಟ್ಟುವ ಶೆಡ್ಡಿನಲ್ಲಿ ಬಡಿಗ, ಕಂಬಾರ, ಪೇಂಟರ್ ಮೂವರಿಗೂ ಕೆಲಸ. ಕುಲುಮೆಯ ಬೆಸುಗೆಯ ಜಾಗಕ್ಕೆ ವೆಲ್ಡಿಂಗ್ ರಾಡು ಬಂತು. ಲಾರಿಯ ಮುರಿದ ಕಮಾನು ಪಾಟಾ ಕಂಬಾರಸಾಲಿಗೆ ಬಂದು ಕೊಡಲಿ, ಕುಡಗೋಲು ಆಗುತ್ತದೆ. ಸುರುಳಿಗೆ ಅದು ಒಗ್ಗದು, ಉಕ್ಕಿನ ಬಿರುಸು ಹೆಚ್ಚು. ಹಳೆಯ ಬೇರಿಂಗಿನ ಗುಂಡು ಮಾತ್ರ ಗೇಟಿಗೆ ದಕ್ಕುತ್ತದೆ. ಭಾರದ ಕದದ ಬುಡದಲ್ಲಿ ಗುಂಡು ಕೂರಿಸಿದರೆ ಒಂದೇ ಬೆರಳಿಗೆ ತಿರುಗುತ್ತದೆ. ಕೋಟೆಯ ದೊಡ್ಡ ಬಾಗಿಲುಗಳೂ ತಿರುಗುತ್ತಿದ್ದದ್ದು ಕಲ್ಲಿನ ಕುಣಿಯಲ್ಲಿ ಕೂತ ತಿರುಗುಣಿಯ ಮೇಲೆಯೇ. ಆನೆ ಹಣೆಯಿಂದ ಗುದ್ದದಿರಲಿ ಎಂದು ಅವಕ್ಕೆ ಬಡಿದ ಕಬ್ಬಿಣದ ಮುಳ್ಳುಗಳೂ ಯಾವನೋ ಕಂಬಾರನ ಕೈಯವೇ.

ನಮ್ಮ ಮನೆಯ ಗೇಟಿನ ಮಾತೂ ಹೇಳಿಬಿಡುತ್ತೇನೆ. ಕಿಲೋ ಲೆಕ್ಕದಲ್ಲೇ ಮಾಡಿಸಿದ್ದು, ತೂಕ ಭರ್ತಿ ಇತ್ತು. ಒಂದು ಮಳೆಗಾಲಕ್ಕೆ ಕದ ಜೋತುಬಿದ್ದು ನೆಲ ಕೆರೆಯತೊಡಗಿತು. ಓರೆಪಟ್ಟಿಯನ್ನು ಕೆಳಗಿನ ಕೀಲಿನಿಂದ ಮೇಲಿನ ಚಿಲಕದ ಮೂಲೆಗೆ ಹಾಕಿದ್ದರು. ತೆಳು ಪಟ್ಟಿ ಎಳೆತವನ್ನು ತಾಳುತ್ತದೆ, ಒತ್ತಡಕ್ಕೆ ಬಾಗುತ್ತದೆ. ಮೇಲಿನ ಕೀಲಿನಿಂದ ಕೆಳಮೂಲೆಗೆ ಹಾಕಿದ್ದರೆ ಅದು ಕದವನ್ನು ಎತ್ತಿಹಿಡಿಯುತ್ತಿತ್ತು. ಒಂದೇ ಪಟ್ಟಿ, ಒಂದೇ ತೂಕ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಂಬಾರಿಕೆಯೂ ಇದೆ. ಸಲಕರಣೆಗೆ 15,000 ರೂಪಾಯಿ, ಶೇ 5ರ ಬಡ್ಡಿಗೆ ಸಾಲ ಸಿಗುತ್ತದೆ. ಒಳ್ಳೆಯದೇ. ಆದರೆ ತಿದಿ ಬಿಟ್ಟು ಬ್ಲೋವರ್ ಕೊಂಡ ಕಂಬಾರನಿಗೆ ಆಮೇಲೆ ಬೇಕಾಗುವುದು ಕೆಲಸಕ್ಕೆ ಕಾಸು ಕೊಡುವ ಗಿರಾಕಿ. ಅವನನ್ನು ಯಾವ ಯೋಜನೆಯೂ ಕೊಡಲಾರದು.

ಮುಂದಿನ ಸಲ ಗೇಟು ಮಾಡಿಸುವಾಗ ಸಳಿಗೆ ಕಿಲೋ ಲೆಕ್ಕ ಹಿಡಿಯಿರಿ, ಸುರುಳಿಗೆ ಬೇರೆ ಕೂಲಿ ಮಾತಾಡಿ. ರೆಡ್ ಆಕ್ಸೈಡ್ ಬಳಿಯುವ ಮೊದಲೊಮ್ಮೆ ಅಂಗಡಿಗೆ ಹೋಗಿ ಬನ್ನಿ. ಬಡಿದ ಸಳಿಯ ಮೈಮೇಲೆ ಸುತ್ತಿಗೆಯ ಗುರುತಿರುತ್ತದೆ. ಬಣ್ಣ ಬಿದ್ದ ಮೇಲೆ ಅದು ಕಾಣುವುದಿಲ್ಲ.