ಬಿಲ್ಲಿನ ಉದ್ದ: ಒಂದು ಮೈಗೆ, ಒಂದು ಕೆಲಸಕ್ಕೆ

ಕೆ.ಆರ್. ಪೇಟೆ ತಾಲ್ಲೂಕಿನ ಗೋವಿಂದನಹಳ್ಳಿ ಅಂದರೆ ಹೆಚ್ಚಿನವರಿಗೆ ನೆನಪಾಗುವುದು ಹೊಯ್ಸಳರ ಕಾಲದ ಪಂಚಲಿಂಗೇಶ್ವರ ದೇವಸ್ಥಾನ. ಅಂಥ ಊರುಗಳ ಕಡೆಯಿಂದ ಕಾಲೇಜಿಗೆ ಬಂದವರಿಗೆ ಇನ್ನೊಂದು ವಿಷಯವೂ ಗೊತ್ತು: ರಾತ್ರಿ ಹಂದಿ ನುಗ್ಗಿದ ಕಬ್ಬಿನ ಗದ್ದೆ ಬೆಳಗ್ಗೆ ಹೇಗಿರುತ್ತೆ ಅಂತ. ಹಾಗಾಗಿ ಫೋನಿನಲ್ಲಿ ಅಮೆರಿಕದ ಬೇಟೆ ವಿಡಿಯೋ ನೋಡಿದಾಗ "ಒಂದು ಕಾಂಪೌಂಡ್ ಬಿಲ್ಲು ತಗೊಂಡ್ರೆ ಹೆಂಗೆ? ಎಷ್ಟು ಉದ್ದದ್ದು ತಗೋಬೇಕು?" ಅನ್ನೋ ಪ್ರಶ್ನೆ ಹುಟ್ಟೋದು ಸಹಜ.

ಮೊದಲು ಕಾನೂನು ಹೇಳಿಬಿಡೋಣ. 1972ರ ವನ್ಯಜೀವಿ (ಸಂರಕ್ಷಣೆ) ಕಾಯ್ದೆಯ 9ನೇ ಸೆಕ್ಷನ್ ಬೇಟೆಯನ್ನು ನಿಷೇಧಿಸುತ್ತದೆ. ಆ ಕಾಯ್ದೆಯ ಪ್ರಕಾರ ಕೊಲ್ಲುವುದು, ಹಿಡಿಯುವುದು ಮಾತ್ರ ಬೇಟೆಯಲ್ಲ, ಅದಕ್ಕೆ ಪ್ರಯತ್ನಿಸುವುದೂ ಬೇಟೆಯೇ. "ಬಾಣ ತಾಗಲಿಲ್ಲ ಸಾರ್" ಅನ್ನೋ ಮಾತು ನಡೆಯಲ್ಲ. ಬೆಳೆ ಹಾಳಾದರೆ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಹಾಕುವ ದಾರಿ ಇದೆ. ಬಿಲ್ಲು ಬೇಕೇ ಬೇಕು ಅಂದರೆ ಅದು ಗುರಿ ಹೊಡೆಯುವ ಆಟಕ್ಕೆ ಇರಲಿ. ಉದ್ದದ ಲೆಕ್ಕ ಬದಲಾಗುವುದೂ ಅಲ್ಲೇ.

ಕಾಂಪೌಂಡ್ ಬಿಲ್ಲಿನಲ್ಲಿ "ಉದ್ದ" ಅಂದರೆ ಒಂದಲ್ಲ, ಎರಡು ಅಳತೆ.

ಮೊದಲನೆಯದು ಡ್ರಾ ಲೆಂಗ್ತ್, ಅಂದರೆ ಹೆದೆಯನ್ನು ಎಷ್ಟು ದೂರ ಎಳೆಯುತ್ತೀರಿ ಅನ್ನೋದು. ಇದು ನಿಮ್ಮ ಮೈಯ ಅಳತೆ. ಎರಡೂ ಕೈ ಚಾಚಿ ನಿಂತು, ಒಂದು ನಡುಬೆರಳ ತುದಿಯಿಂದ ಇನ್ನೊಂದರ ತುದಿಯವರೆಗೆ ಅಳೆದು 2.5ರಿಂದ ಭಾಗಿಸಿ. 170 ಸೆಂ.ಮೀ. ಅಂದರೆ ಸುಮಾರು 67 ಇಂಚು ಬಂದರೆ, ಡ್ರಾ ಲೆಂಗ್ತ್ ಹೆಚ್ಚುಕಡಿಮೆ 27 ಇಂಚು. ಸಾದಾ ಬಿಲ್ಲನ್ನು ಇಷ್ಟ ಬಂದಷ್ಟು ಎಳೆಯಬಹುದು. ಕಾಂಪೌಂಡ್ ಬಿಲ್ಲಿನ ಕ್ಯಾಮ್ ಒಂದು ಜಾಗದಲ್ಲಿ ನಿಂತುಬಿಡುತ್ತದೆ. ಆ ಜಾಗ ನಿಮ್ಮ ಅಳತೆಗಿಂತ ದೂರವಿದ್ದರೆ ಮೈ ಹಿಂದಕ್ಕೆ ವಾಲುತ್ತದೆ, ಹೆದೆ ಮುಂಗೈಗೆ ಬಡಿಯುತ್ತದೆ. ಹಾಗಾಗಿ ಇದರಲ್ಲಿ ಚೌಕಾಸಿ ಇಲ್ಲ.

ಎರಡನೆಯದು ಆಕ್ಸಲ್ ಟು ಆಕ್ಸಲ್, ಅಂದರೆ ಮೇಲಿನ ಕ್ಯಾಮಿನ ಅಚ್ಚಿನಿಂದ ಕೆಳಗಿನ ಕ್ಯಾಮಿನ ಅಚ್ಚಿನವರೆಗಿನ ದೂರ. ಇದು ಕೆಲಸದ ಅಳತೆ. ಬೇಟೆಯ ಬಿಲ್ಲುಗಳು ಸಾಮಾನ್ಯವಾಗಿ 28ರಿಂದ 33 ಇಂಚು, ಆಟದ ಬಿಲ್ಲುಗಳು 36ರಿಂದ 40 ಇಂಚು. ಬೇಟೆಗಾರ ಪೊದೆಯೊಳಗೆ ನುಸುಳಬೇಕು, ಮರದ ಮೇಲೆ ಕೂರಬೇಕು. ಉದ್ದ ಬಿಲ್ಲು ಕೊಂಬೆಗೆ ಸಿಕ್ಕಿಕೊಳ್ಳುತ್ತೆ. ಮೈದಾನದಲ್ಲಿ ಆ ತೊಂದರೆ ಇಲ್ಲ. ಆದರೂ ಗಿಡ್ಡ ಬಿಲ್ಲು ತಗೊಂಡರೆ ಎರಡು ನಷ್ಟ.

ಒಂದು, ಅಲುಗಾಟ. ಜಡತ್ವದ ಮಹತ್ವ ಅಂದರೆ ಎಂ ಆರ್ ಸ್ಕ್ವೇರ್ ಅಂತ ಮೊದಲ ಸೆಮಿಸ್ಟರಿನಲ್ಲೇ ಓದಿದ್ದೀವಲ್ಲ? ಹಿಡಿಯಿಂದ ಕ್ಯಾಮಿಗೆ 30 ಇಂಚಿನ ಬಿಲ್ಲಿನಲ್ಲಿ 15 ಇಂಚು, 40 ಇಂಚಿನದರಲ್ಲಿ 20 ಇಂಚು. ಕ್ಯಾಮಿನ ತೂಕ ಅಷ್ಟೇ ಇದ್ದರೂ ಅದರ ಪಾಲಿನ ಜಡತ್ವ ಸುಮಾರು 1.8 ಪಟ್ಟು. ಕೈ ಸ್ವಲ್ಪ ನಡುಗಿದರೂ ಉದ್ದ ಬಿಲ್ಲು ಅಷ್ಟು ಬೇಗ ತಿರುಗಲ್ಲ.

ಎರಡು, ಹೆದೆಯ ಕೋನ. ಪೂರ್ತಿ ಎಳೆದಾಗ ಹೆದೆ ತ್ರಿಕೋನವಾಗುತ್ತದೆ. ಕ್ಯಾಮಿನ ಗಾತ್ರ, ಲಿಂಬ್ ಬಾಗುವುದು ಇವನ್ನೆಲ್ಲ ಬಿಟ್ಟು, ಅಚ್ಚುಗಳ ರೇಖೆಯಿಂದ ಬಾಣದ ಹಿಂತುದಿಗೆ 20 ಇಂಚು ಅಂದುಕೊಳ್ಳಿ. 40 ಇಂಚಿನ ಬಿಲ್ಲಿಗೆ ಕೋನ 90 ಡಿಗ್ರಿ, 30 ಇಂಚಿನದಕ್ಕೆ ಸುಮಾರು 74. ಕೋನ ಕಿರಿದಾದಷ್ಟೂ ಹೆದೆ ಮುಖದಿಂದ ದೂರ ಹೋಗುತ್ತದೆ, ಮೂಗಿನ ತುದಿಗೆ ತಾಗಿಸಿ ನಿಲ್ಲುವುದು ಕಷ್ಟ, ಪೀಪ್ ಸೈಟ್ ಕಣ್ಣಿಗೆ ದೂರ. ಆಗ ಕತ್ತನ್ನು ಮುಂದಕ್ಕೆ ಚಾಚಿ ನೋಡೋ ಅಭ್ಯಾಸ ಬೀಳುತ್ತೆ. ಅದನ್ನು ಬಿಡಿಸೋಕೆ ತಿಂಗಳುಗಟ್ಟಲೆ ಬೇಕು. ಎತ್ತರದವರಿಗೆ, ಉದ್ದ ಕೈಯವರಿಗೆ ಈ ತೊಂದರೆ ಇನ್ನೂ ಹೆಚ್ಚು.

"ಉದ್ದ ಬಿಲ್ಲು ಎಳೆಯೋಕೆ ಕಷ್ಟ ಅಲ್ವಾ?" ಅಂತ ಕೇಳಬಹುದು. ಇಲ್ಲ. ಎಳೆಯುವ ಭಾರ ಬೇರೆಯೇ ಲೆಕ್ಕ. 50 ಪೌಂಡಿನ ಬಿಲ್ಲಿಗೆ 80% ಲೆಟ್ ಆಫ್ ಇದ್ದರೆ, ಪೂರ್ತಿ ಎಳೆದ ಮೇಲೆ ಕೈಯಲ್ಲಿ ಉಳಿಯೋದು 10 ಪೌಂಡ್ ಮಾತ್ರ. ಉದ್ದ ಹೆಚ್ಚಾದರೆ ಹೆಚ್ಚುವುದು ಸಾಮಾನ್ಯವಾಗಿ ಬಿಲ್ಲಿನ ತೂಕ.

ಕಾಂಪೌಂಡ್ ಆಟ ನಮಗೆ ದೂರದ್ದೂ ಅಲ್ಲ. 2023ರಲ್ಲಿ ಹ್ಯಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ಕಾಂಪೌಂಡಿನ ಐದೂ ಚಿನ್ನ ಭಾರತಕ್ಕೇ ಬಂದವು. 2028ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ಗೆ ಕಾಂಪೌಂಡ್ ಮಿಶ್ರ ತಂಡದ ಸ್ಪರ್ಧೆ ಸೇರಿದೆ. ಅಂತರರಾಷ್ಟ್ರೀಯ ಕಾಂಪೌಂಡ್ ಸ್ಪರ್ಧೆಯಲ್ಲಿ ಗುರಿ 50 ಮೀಟರ್ ದೂರ, ಬಿಲ್ಲಿನ ಭಾರ ಹೆಚ್ಚೆಂದರೆ 60 ಪೌಂಡ್.

ಹಾಗಾಗಿ ಗೆಳೆಯರೇ, ಕ್ರಮ ಇಷ್ಟೇ. ಮೊದಲು ತೋಳು ಅಳೆದು ಡ್ರಾ ಲೆಂಗ್ತ್ ಹಿಡಿಯಿರಿ. ಆ ಅಳತೆಗೆ ಹೊಂದಿಸಬಹುದಾದ ಕ್ಯಾಮ್ ಇದೆಯಾ ನೋಡಿ. ಆಮೇಲೆ 36 ಇಂಚಿನಿಂದ ಮೇಲಿನ ಬಿಲ್ಲನ್ನು ಕೋಚ್ ಇರುವ ಜಾಗದಲ್ಲಿ ಎಳೆದು ನೋಡಿ. ಬಾಣವಿಲ್ಲದೆ ಹೆದೆ ಬಿಡಬೇಡಿ, ಲಿಂಬ್ ಸೀಳಿ ಮುಖಕ್ಕೇ ಬಡಿಯಬಹುದು. ದುಡ್ಡು ಕೊಡೋದು ಇದೆಲ್ಲ ಆದಮೇಲೆ.