ಕೊಂಬು ಬಡಿದರೆ ಜಿಂಕೆ ಬರುತ್ತಾ?

ಇಯರ್‌ಫೋನ್ ಹಾಕ್ಕೊಂಡಿದ್ರೆ ಮೊದಲು ಈ ಸದ್ದು ಕೇಳಿ.

(ಟಕ್... ಟಕ್ ಟಕ್... ಕರಕರ... ಟಕ್)

ಇದು ನಮ್ಮನೆ ಲಟ್ಟಣಿಗೆ ಮತ್ತೆ ಕಡಗೋಲು. ಅಮ್ಮನಿಗೆ ಹೇಳ್ಬೇಡಿ. ಅಮೆರಿಕದ ಟೆಕ್ಸಾಸ್‌ನಲ್ಲಿ ಬೇಟೆಗಾರರು ಇದೇ ಥರದ ಸದ್ದನ್ನು ನಿಜವಾದ ಜಿಂಕೆ ಕೊಂಬುಗಳಿಂದ ಮಾಡ್ತಾರೆ. ದೂರದ ಪೊದೆಯಲ್ಲಿರೋ ಗಂಡು ಜಿಂಕೆ ಅದನ್ನು ಕೇಳಿ ಹುಡುಕಿಕೊಂಡು ಬರಲಿ ಅಂತ. ಇದಕ್ಕೆ 'ರ್‍ಯಾಟ್ಲಿಂಗ್' ಅಂತಾರೆ.

ಈ ವಿಷಯ ಎತ್ತಿಕೊಳ್ಳೋಕೆ ಕಾರಣ ಟೆಕ್ಸಾಸ್‌ನಲ್ಲಿ ಕೆಲಸ ಮಾಡೋ ನಮ್ಮ ಕೇಳುಗರೊಬ್ಬರು ಕಳಿಸಿದ ವಾಯ್ಸ್ ನೋಟ್. ಆಫೀಸಿನ ಗೆಳೆಯನ ಜೊತೆ ಬೇಟೆ ನೋಡೋಕೆ ಹೋಗಿದ್ರಂತೆ. ಬೆಳಗ್ಗೆಯಿಂದ ಕೊಂಬು ಬಡಿದಿದ್ದೇ ಬಡಿದಿದ್ದು, ಒಂದು ಜಿಂಕೆನೂ ಬರಲಿಲ್ಲ. "ಇದೆಲ್ಲ ಬರೀ ಬುರುಡೆನಾ?" ಅಂತ ಕೇಳಿದ್ದಾರೆ.

ಬುರುಡೆ ಅಲ್ಲ. ಆದರೆ "ಒಂದೂ ಬರಲಿಲ್ಲ" ಅಂದ್ರಲ್ಲ, ನನಗೆ ಅನುಮಾನ ಇರೋದು ಅದರ ಮೇಲೆ. ಯಾಕೆ ಅಂತ ಹೇಳ್ತೀನಿ, ಸ್ವಲ್ಪ ತಾಳಿ.

ಮೊದಲು ಕೊಂಬಿನ ವಿಷಯ. ನಮ್ಮ ಕೃಷ್ಣಮೃಗದ ಕೊಂಬು ಜೀವನಪೂರ್ತಿ ಇರುತ್ತೆ. ಟೆಕ್ಸಾಸ್‌ನ ಬಿಳಿಬಾಲದ ಜಿಂಕೆಯದ್ದು ಹಾಗಲ್ಲ. ಅದರ ಕವಲುಕೊಂಬು ಮೂಳೆ. ಪ್ರತಿ ವರ್ಷ ಉದುರಿ, ವಸಂತದಲ್ಲಿ ಮತ್ತೆ ಚಿಗುರುತ್ತೆ. ಬೇಸಿಗೆಯಲ್ಲಿ ಮೇಲೆ ಮಖಮಲ್ಲಿನಂಥ ಚರ್ಮ. ಬೆದೆಗಾಲ ಹತ್ತಿರ ಬಂದಾಗ ಗಂಡುಗಳ ಮೈಯಲ್ಲಿ ಟೆಸ್ಟೋಸ್ಟಿರಾನ್ ಏರುತ್ತೆ, ಚರ್ಮ ಒಣಗಿ ಸುಲಿದು ಹೋಗುತ್ತೆ, ಗಟ್ಟಿ ಕೊಂಬು ಹೊರಗೆ ಬರುತ್ತೆ. ಆಮೇಲೆ ಶುರು ಜಗಳ.

ಎರಡು ಗಂಡುಗಳು ಕೊಂಬು ಸಿಕ್ಕಿಸಿ ತಳ್ಳಾಡ್ತಿವೆ ಅಂದ್ರೆ ಹತ್ತಿರದಲ್ಲೇ ಬೆದೆಗೆ ಬಂದ ಹೆಣ್ಣು ಇರಬಹುದು. ಸದ್ದು ಕೇಳಿದ ಮೂರನೇ ಗಂಡಿಗೆ ಅದೇ ಸುದ್ದಿ. ಯಾರು ಗೆಲ್ತಾರೆ ನೋಡೋಣ, ಅಥವಾ ಅವರಿಬ್ಬರ ಜಗಳದಲ್ಲಿ ನಮಗೇ ಲಾಭ ಆಗುತ್ತಾ ನೋಡೋಣ ಅಂತ ಬರುತ್ತೆ. ರ್‍ಯಾಟ್ಲಿಂಗ್ ನಿಂತಿರೋದೇ ಈ ಕುತೂಹಲದ ಮೇಲೆ.

ನಾನು ಬಿ.ಕಾಂ. ಓದಿದವನು, ನನಗೆ ಇದು ಮಾರ್ಕೆಟ್ ಥರಾನೇ ಕಾಣುತ್ತೆ. ಒಂದು ಸೈಟಿಗೆ ಹತ್ತು ಜನ ಗಿರಾಕಿ ಇದ್ರೆ ಪೈಪೋಟಿ. ಒಬ್ಬನೇ ಗಿರಾಕಿಗೆ ಹತ್ತು ಸೈಟ್ ಖಾಲಿ ಇದ್ರೆ ಅವನ್ಯಾಕೆ ಜಗಳಕ್ಕೆ ಬರ್ತಾನೆ? ಕಾಡಲ್ಲೂ ಅಷ್ಟೇ. ಹೆಣ್ಣುಗಳು ಜಾಸ್ತಿ, ಬಲಿತ ಗಂಡುಗಳು ಕಮ್ಮಿ ಇರೋ ಕಡೆ ಕೊಂಬು ಬಡಿದು ಹೆಚ್ಚು ಪ್ರಯೋಜನ ಇಲ್ಲ. ಗಂಡು-ಹೆಣ್ಣಿನ ಲೆಕ್ಕ ಸಮತೋಲನದಲ್ಲಿದ್ದು, ವಯಸ್ಸಾದ ಗಂಡುಗಳು ಸಾಕಷ್ಟಿದ್ದರೆ ಮಾತ್ರ ಇದು ಚೆನ್ನಾಗಿ ನಡೆಯುತ್ತೆ. ದಕ್ಷಿಣ ಟೆಕ್ಸಾಸ್ ಇದಕ್ಕೆ ಹೆಸರಾಗಿರೋದೂ ಅದಕ್ಕೇ. ಅಲ್ಲಿ ಬೆದೆಗಾಲ ಜೋರಾಗೋದು ಡಿಸೆಂಬರ್ ನಡುವೆ.

ಬಡಿಯೋದು ಹೇಗೆ? ಉದುರಿ ಬಿದ್ದ ಕೊಂಬಿನ ಜೋಡಿ, ಇಲ್ಲಾಂದ್ರೆ ಪ್ಲಾಸ್ಟಿಕ್ ಕೊಂಬು, ಅಥವಾ ಬಟ್ಟೆ ಚೀಲದಲ್ಲಿ ತುಂಬಿದ ಮರದ ಕಡ್ಡಿಗಳು. ಜೋರಾಗಿ ಒಂದು ಡಿಕ್ಕಿ, ಆಮೇಲೆ ತಿರುಚಿ ಉಜ್ಜೋದು, ಕಾಲಲ್ಲಿ ನೆಲ ಕೆರೆಯೋದು, ಕೊಂಬೆ ಮುರಿಯೋದು. ಆಮೇಲೆ ಸುಮ್ಮನೆ ಕಾಯೋದು. ಕಷ್ಟ ಇರೋದು ಆ ಕಾಯೋದರಲ್ಲೇ.

ಇದನ್ನು ಸಂಶೋಧಕರು ಪರೀಕ್ಷೆ ಮಾಡಿಯೂ ನೋಡಿದ್ದಾರೆ. 1990ರ ದಶಕದಲ್ಲಿ ದಕ್ಷಿಣ ಟೆಕ್ಸಾಸ್‌ನ ವೆಲ್ಡರ್ ವನ್ಯಜೀವಿ ಧಾಮದಲ್ಲಿ ಮಿಕ್ ಹೆಲಿಕ್ಸನ್ ಮತ್ತು ಜೊತೆಗಾರರು 171 ಸಲ ಕೊಂಬು ಬಡಿದರು. 111 ಸಲ ಗಂಡು ಜಿಂಕೆ ಓಗೊಟ್ಟು ಬಂದಿದ್ದು ದಾಖಲಾಯ್ತು. ಮೆಲ್ಲಗೆ ಬಡಿದಾಗ ಬಂದಿದ್ದಕ್ಕಿಂತ ಜೋರಾಗಿ ಬಡಿದಾಗ ಸುಮಾರು ಮೂರು ಪಟ್ಟು ಹೆಚ್ಚು ಬಂದವು. ಎಷ್ಟು ಹೊತ್ತು ಬಡಿದ್ರು ಅನ್ನೋದಕ್ಕಿಂತ ಎಷ್ಟು ಜೋರಾಗಿ ಬಡಿದ್ರು ಅನ್ನೋದೇ ಮುಖ್ಯ ಆಯ್ತು.

ಈಗ ನಮ್ಮ ಕೇಳುಗರ ಪ್ರಶ್ನೆಗೆ ಬರ್ತೀನಿ. ಆ ಅಧ್ಯಯನದಲ್ಲಿ ಒಬ್ಬರು ನೆಲದ ಮೇಲೆ ಅಡಗಿ ಕೂತು ಕೊಂಬು ಬಡೀತಿದ್ರು. ಇನ್ನೊಬ್ಬರು ಎತ್ತರದ ಗೋಪುರದಿಂದ ನೋಡ್ತಿದ್ರು. ಕೆಳಗಿದ್ದವರಿಗೆ ಕಾಣದೇ ಹೋದ ಎಷ್ಟೋ ಗಂಡುಗಳು ಮೇಲಿದ್ದವರಿಗೆ ಕಂಡವು! ಹೆಚ್ಚಿನವು ಬಂದಿದ್ದು ಗಾಳಿ ಬೀಸಿ ಹೋಗೋ ದಿಕ್ಕಿನಿಂದ. ಅಂದ್ರೆ ನಮ್ಮ ಮೈವಾಸನೆ ತೇಲಿ ಹೋಗೋ ಕಡೆಯಿಂದ. ಜಿಂಕೆ ಕಿವಿಯಿಂದ ಕೇಳುತ್ತೆ, ಆದರೆ ಮೂಗಿನಿಂದ ಖಾತ್ರಿ ಮಾಡ್ಕೊಳ್ಳುತ್ತೆ. ಮನುಷ್ಯನ ವಾಸನೆ ಬಂತೋ, ಬಂದ ದಾರಿಗೆ ಸುಂಕ ಇಲ್ಲ ಅಂತ ವಾಪಸ್.

ಹಾಗಾಗಿ, ಸ್ನೇಹಿತರೇ, ಅವತ್ತು ಜಿಂಕೆ ಬಂದಿರಬಹುದು. ನಿಮ್ಮ ಬೆನ್ನ ಹಿಂದೆ ನಿಂತು, ಮೂಸಿ ನೋಡಿ ಹೋಗಿರಬಹುದು. ಮುಂದಿನ ಸಲ ಗಾಳಿ ಹೋಗೋ ಕಡೆ ಬಯಲು ಇರೋ ಜಾಗ ನೋಡಿ ಕೂತ್ಕೊಳ್ಳಿ. ಕೊಂಬು ಬಡಿಯೋದು ಒಬ್ಬರು, ಕಾಯೋದು ಇನ್ನೊಬ್ಬರು, ಅದೂ ಗಾಳಿ ಹೋಗೋ ದಿಕ್ಕಿನಲ್ಲಿ ಸ್ವಲ್ಪ ದೂರ. ಇಬ್ಬರೂ ಯಾರು ಎಲ್ಲಿದ್ದೀವಿ ಅಂತ ಮೊದಲೇ ಮಾತಾಡ್ಕೊಂಡಿರಬೇಕು.

ಯಾಕಂದ್ರೆ ಇದರಲ್ಲಿ ಜೀವದ ಪ್ರಶ್ನೆ ಇದೆ. ನಿಮ್ಮ ಸದ್ದು ಅಷ್ಟು ಚೆನ್ನಾಗಿದ್ದರೆ ಅದನ್ನು ನಂಬೋದು ಜಿಂಕೆ ಮಾತ್ರ ಅಲ್ಲ, ಬಂದೂಕು ಹಿಡಿದ ಇನ್ನೊಬ್ಬ ಬೇಟೆಗಾರನೂ ನಂಬ್ತಾನೆ. ಪೊದೆಯೊಳಗೆ ಅಲ್ಲಾಡೋ ಕೊಂಬು ಅವನಿಗೆ ಜಿಂಕೆಯಾಗೇ ಕಾಣಬಹುದು. ಅಮೆರಿಕದ ಹಲವು ರಾಜ್ಯಗಳಲ್ಲಿ ಬಂದೂಕು ಬೇಟೆ ಸೀಸನ್‌ನಲ್ಲಿ ಕಣ್ಣಿಗೆ ಹೊಡೆಯೋ ಕಿತ್ತಳೆ ಬಟ್ಟೆ ಕಡ್ಡಾಯ ಮಾಡಿರೋದು ಇಂಥ ಗುರುತು ತಪ್ಪಬಾರದು ಅಂತಲೇ. ಕಡ್ಡಾಯ ಇಲ್ಲದ ಕಡೆಯೂ ಹಾಕ್ಕೊಳ್ಳಿ. ಕೊಂಬನ್ನು ಕೈಯಲ್ಲಿ ಹಿಡ್ಕೊಂಡು ಓಡಾಡಬೇಡಿ, ಚೀಲದಲ್ಲಿ ಹಾಕಿ. ಯಾರಾದ್ರೂ ಹತ್ತಿರ ಬರೋದು ಕಂಡ್ರೆ ಕೈ ಬೀಸಬೇಡಿ, ಬಾಯಿ ಬಿಟ್ಟು ಕೂಗಿ. ಇನ್ನೊಂದು ಮಾತು: ಟೆಕ್ಸಾಸ್‌ನಲ್ಲಿ ಬೇಟೆಗೆ ಲೈಸೆನ್ಸ್ ಬೇಕು. 1971ರ ಸೆಪ್ಟೆಂಬರ್ 2ರಂದು ಅಥವಾ ಆಮೇಲೆ ಹುಟ್ಟಿದವರಿಗೆ ಬೇಟೆ ಶಿಕ್ಷಣದ ನಿಯಮವೂ ಇದೆ. ಗೆಳೆಯನ ಬಂದೂಕು ಸುಮ್ಮನೆ ಕೈಗೆತ್ತಿಕೊಳ್ಳೋ ಮೊದಲು ಅದನ್ನ ವಿಚಾರಿಸಿ.

ಅಂದ ಹಾಗೆ, ಬಂಡೀಪುರದಲ್ಲಿ ನಾವು ನೋಡೋ ಚುಕ್ಕೆ ಜಿಂಕೆ ಕೂಡ ಟೆಕ್ಸಾಸ್‌ನಲ್ಲಿದೆ. 1930ರ ದಶಕದಲ್ಲಿ ಅಲ್ಲಿಗೆ ತಂದು ಬಿಟ್ಟದ್ದು, ಈಗ ಅಲ್ಲೇ ಬೆಳೆದುಕೊಂಡಿದೆ. ಅದರ ಗಂಡುಗಳು ಎಲ್ಲವೂ ಒಂದೇ ಸಮಯಕ್ಕೆ ಕೊಂಬು ಉದುರಿಸಲ್ಲ, ಹಾಗಾಗಿ ಬಿಳಿಬಾಲದ ಜಿಂಕೆಯ ಲೆಕ್ಕಾಚಾರ ಅದಕ್ಕೆ ನೇರವಾಗಿ ಹೊಂದಲ್ಲ.

ಇಲ್ಲಿ ಕೇಳ್ತಿರೋರಿಗೆ: ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಜಿಂಕೆ ಬೇಟೆ ಅಪರಾಧ. ಕಾಡಲ್ಲಿ ತಾನಾಗೇ ಉದುರಿದ ಕೊಂಬು ಸಿಕ್ಕಿದ್ರೂ ಮನೆಗೆ ತರೋ ಹಾಗಿಲ್ಲ. ನಾನು ಲಟ್ಟಣಿಗೆ ಬಡಿದಿದ್ದು ಅದಕ್ಕೇ. ಸಫಾರಿಗೆ ಹೋದಾಗ ದೂರದಲ್ಲಿ ಟಕ್ ಟಕ್ ಅಂತ ಕೇಳಿದ್ರೆ ಫೋನ್ ಕೆಳಗಿಡಿ, ಕಿವಿಗೊಟ್ಟು ಕೇಳಿ. ಅದು ನಿಜವಾದ ಜಗಳ ಇರಬಹುದು.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ. ಈಗ ಲಟ್ಟಣಿಗೆ ವಾಪಸ್ ಇಡ್ಬೇಕು.