ನೆಲದ ಗಾಳಿಯೂ ಬೆಳಕಿನ ಅಳತೆಗೋಲೂ

ಚಳಿಗಾಲದಲ್ಲಿ ದಿಲ್ಲಿಯ ನಿವಾಸಿಗಳು ಹೊಗೆಯನ್ನೇ ಉಸಿರಾಡಬೇಕಾಗಿರುವ ದುರವಸ್ಥೆಯು ಸರ್ವವಿದಿತವಷ್ಟೆ. ಹೊಗೆಯನ್ನುಗುಳುವವರ ತಪ್ಪು ಹಾಗಿರಲಿ. ಅದೇ ಹೊಗೆಯು ಬೇಸಗೆಗಿಂತಲೂ ಆಗ ಹೆಚ್ಚು ಕ್ರೂರವಾಗುವುದೇಕೆ? ನೆಲಕ್ಕೆ ತಗುಲಿದ ವಾಯುಪದರವು ಬಿಸಿಲಿನಲ್ಲಿ ಕಾದು ಒಂದೆರಡು ಕಿಲೋಮೀಟರು ಎತ್ತರದವರೆಗೆ ಹಬ್ಬುವುದು. ಚಳಿಯ ರಾತ್ರಿಯಲ್ಲಿಯಾದರೋ ನೆಲವು ತಣಿದು, ಆ ಪದರವು ಕೆಲವು ನೂರು ಮೀಟರಿಗೆ, ಒಮ್ಮೊಮ್ಮೆ ಅದಕ್ಕೂ ಕೆಳಕ್ಕೆ, ಕುಗ್ಗುವುದು. ಮೇಲಣ ಬೆಚ್ಚನೆಯ ಗಾಳಿಯೇ ಮುಚ್ಚಳವಾಗಿ ಹೊಗೆಯು ಅಡಿಯಲ್ಲಿ ಸೆರೆಯಾಗುವುದು.

ಕಣ್ಣಿಗೆ ಕಾಣದ ಈ ಮುಚ್ಚಳವನ್ನು ಅಳೆಯುವ ಸಾಧನಗಳಲ್ಲಿ ಲೈಡಾರ್ ಒಂದು. ಲೇಸರ್ ಬೆಳಕಿನ ಮಿಡಿತವನ್ನು ಮೇಲಕ್ಕೆ ಹಾಯಿಸಿ, ಧೂಳಿನ ಕಣಗಳಿಂದ ಚದರಿ ಹಿಂದಿರುಗಿದ ಅಂಶವನ್ನು ದೂರದರ್ಶಕದಿಂದ ಹಿಡಿಯುವರು. ಬೆಳಕು ಹೋಗಿಬರಲು ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಭಾಗ ಹಿಡಿದರೆ ಕಣವು ೧೫೦ ಮೀಟರು ದೂರದಲ್ಲಿದೆಯೆಂದು ಅರ್ಥ. ಕಣಗಳು ಒಮ್ಮೆಲೆ ವಿರಳವಾಗುವ ಎತ್ತರದಿಂದ ಪದರದ ಮೇಲೆಲ್ಲೆಯನ್ನು ಗುರುತಿಸುವರು. ೧೯೨೮ರಲ್ಲಿ ಕಲಕತ್ತೆಯಲ್ಲಿ ಸಿ. ವಿ. ರಾಮನ್ನರು ಕಂಡುಹಿಡಿದ ಪರಿಣಾಮವನ್ನಾಶ್ರಯಿಸಿ, ಇಂತಹ ಕೆಲವು ಯಂತ್ರಗಳು ಗಾಳಿಯಲ್ಲಿನ ನೀರಾವಿಯನ್ನೂ ಅಳೆಯುವುವೆಂಬುದು ನಮಗೆ ಹೆಮ್ಮೆಯ ವಿಷಯವು.

ಪುಣೆಯಲ್ಲಿಯೂ ತಿರುಪತಿಯ ಬಳಿಯ ಗಾದಂಕಿಯಲ್ಲಿಯೂ ನಮ್ಮ ವಿಜ್ಞಾನಿಗಳು ಲೈಡಾರಿನಿಂದ ವಾಯುಮಂಡಲವನ್ನು ಶೋಧಿಸಿರುವರು. ಆದರೆ ಅಳತೆಯು ಕಡತದಲ್ಲಿಯೇ ಉಳಿದರೆ ಯಾರ ಉಸಿರೂ ಹಗುರಾಗದು. ಮುಚ್ಚಳವನ್ನು ಮೇಲೆತ್ತುವುದು ಯಾವ ಸರಕಾರಕ್ಕೂ ಸಾಧ್ಯವಲ್ಲ. ಅದು ತಗ್ಗುವ ದಿನಗಳನ್ನು ಮುಂಚಿತವಾಗಿ ಪ್ರಜೆಗಳಿಗೆ ತಿಳಿಸಿ, ಹೊಗೆಯನ್ನು ತಡೆಯುವುದು ಸಾಧ್ಯವು. ಅದನ್ನು ಅಧಿಕಾರಿಗಳು ತಮ್ಮ ಕರ್ತವ್ಯವೆಂದು ಬಗೆಯಬೇಕು.